ಜಯಶ್ರೀ ಅಕ್ಕೋರು ಬಿಟ್ಟ ಒಂದು ವಾಕ್ಯ

ಹನ್ನೊಂದು ವರ್ಷದಿಂದ ಜಯಶ್ರೀ ಮಾಡುತ್ತ ಬಂದ ಕೆಲಸ ಒಂದೇ: ಕೋರ್ಟಿನ ಮಾತನ್ನು ಜನರ ಮಾತಿಗೆ ಇಳಿಸುವುದು. ದಾವೆ ಹಾಕಿದವನು ವಾದಿ, ಹಾಕಿಸಿಕೊಂಡವನು ಪ್ರತಿವಾದಿ. ಬಾ ಎಂದು ಕೋರ್ಟು ಕಳಿಸುವ ಕಾಗದ ಸಮನ್ಸ್. ನನ್ನ ಪರವಾಗಿ ನೀವು ಮಾತಾಡಿ ಎಂದು ವಕೀಲರಿಗೆ ಬರೆದುಕೊಡುವುದು ವಕಾಲತ್ತು. ಇವತ್ತು ಬೇಡ, ಮುಂದಿನ ತಿಂಗಳು ಬಾ ಎನ್ನುವುದು ವಾಯಿದೆ. ಈ ಕೊನೆಯದನ್ನು ಮಾತ್ರ ಅವಳು ಯಾರಿಗೂ ಕಲಿಸಬೇಕಾಗಿರಲಿಲ್ಲ. ಎರಡು ಸಲ ಕೋರ್ಟಿನ ಮೆಟ್ಟಿಲು ಹತ್ತಿದವರು ತಾವೇ ಕಲಿತಿರುತ್ತಿದ್ದರು.

ಬೆಳಿಗ್ಗೆ ಕುಮಟೆಯಲ್ಲಿ ಬಸ್ಸು ಹತ್ತಿ, ಹೊನ್ನಾವರದಲ್ಲಿ ಇಳಿದು, ಕಾನೂನು ಸೇವಾ ಸಮಿತಿಯ ಸ್ವಯಂಸೇವಕಿ ಎಂಬ ಕಾರ್ಡನ್ನು ಕೊರಳಿಗೆ ಹಾಕಿಕೊಂಡರೆ ಸಂಜೆಯವರೆಗೆ ಅದೇ ಪಾಠ. ನಿನ್ನೆ ಅರ್ಥ ಕೇಳಿಕೊಂಡು ಹೋದವನು ಇವತ್ತು ಮತ್ತೆ ಬಂದು ಅದನ್ನೇ ಕೇಳುತ್ತಿದ್ದ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಈ ಕಡೆ ಅಕ್ಕೋರು ಅನ್ನುತ್ತಾರೆ. ಯಾವ ಶಾಲೆಯೂ ಇಲ್ಲದ ಜಯಶ್ರೀಗೂ ಜನ ಆ ಹೆಸರನ್ನು ಕೊಟ್ಟಿದ್ದರು. ಮೊದಮೊದಲು ಅದು ಅವಳಿಗೆ ಹೆಮ್ಮೆಯಾಗಿತ್ತು. ಐವತ್ತನಾಲ್ಕರ ಹೊತ್ತಿಗೆ, ದೂರದಿಂದ ಯಾರಾದರೂ "ಅಕ್ಕೋರೆ" ಎಂದು ಕರೆದರೆ ಮಂಡಿನೋವು ಹೆಚ್ಚಾದಂತೆ ಅನ್ನಿಸುತ್ತಿತ್ತು.

ಕಾರ್ತಿಕದ ಒಂದು ಮಧ್ಯಾಹ್ನ ಈರಮ್ಮ ಹಾಗೆ ಕರೆಯುತ್ತಲೇ ಬಂದಳು. ಅಳಿವೆಯ ಬದಿಯ ಮೀನುಗಾರರ ಕೇರಿಯವಳು, ಅರವತ್ತು ದಾಟಿದ ವಿಧವೆ. ಬೋಟಿಗೆ ಹೋಗುತ್ತಿದ್ದ ಗಂಡ ದುರ್ಗ ತೀರಿಕೊಂಡು ಆರು ವರ್ಷವಾಗಿತ್ತು. ಮೀನು ಒಣಗಿಸಿ ಪೇಟೆಯಲ್ಲಿ ಮಾರಿ ಬದುಕುತ್ತಿದ್ದಳು. ಖಾಲಿ ಬುಟ್ಟಿಯನ್ನು ಬಾಗಿಲ ಹೊರಗಿಟ್ಟು, ಸೆರಗಿನಲ್ಲಿ ಕೈ ಚೆನ್ನಾಗಿ ಒರೆಸಿಕೊಂಡು, ಮಡಚಿದ ಕಾಗದವೊಂದನ್ನು ಮೇಜಿನ ಮೇಲಿಟ್ಟಳು.

"ಅಕ್ಕೋರೆ, ಇದು ಎಂತ ಕಾಗ್ದ ಹೇಳಿ ನೋಡಿ. ಬಾಗ್ಲಿಗೆ ಅಂಟಿಸಿ ಹೋಗಿದ್ರು. ನಾ ಮೀನು ಮಾರೂಕೆ ಹೋದ ಹೊತ್ತು."

ಜಯಶ್ರೀ ಓದಿದಳು. ಮತ್ತೊಮ್ಮೆ ಓದಿದಳು. ಅದು ಅಮಲ್ಜಾರಿಯ ನೋಟೀಸು. ಕೋರ್ಟು ಕೊಟ್ಟ ತೀರ್ಪನ್ನು ಕೈಯಲ್ಲಿ ಹಿಡಿದು, ಇದನ್ನು ಜಾರಿ ಮಾಡಿಸಿಕೊಡಿ ಎಂದು ಗೆದ್ದವನು ಕೇಳುವುದಕ್ಕೆ ಅಮಲ್ಜಾರಿ ಎನ್ನುತ್ತಾರೆ. ಗೆದ್ದವನು ಈರಮ್ಮನ ಭಾವ ದಾಸನ ಮಗ ಸುಮಿತ. ಬಿಡಬೇಕಾದದ್ದು ಈರಮ್ಮ ಇರುವ ಮನೆ, ಮೀನು ಒಣಗಿಸುವ ಹಿತ್ತಲು ಸಮೇತ.

"ನಿಮ್ಮ ಮೇಲೆ ಡಿಕ್ರಿ ಆಗದೆ ಈರಮ್ಮ. ಡಿಕ್ರಿ ಅಂದ್ರೆ ಕೋರ್ಟಿನ ತೀರ್ಪು. ನೀವು ಬರದೆ ಇದ್ದದ್ದಕ್ಕೆ ಒಂದೇ ಕಡೆಯವ್ರ ಮಾತು ಕೇಳಿ ಮಾಡಿದ್ದು. ಏಕಪಕ್ಷೀಯ ಹೇಳ್ತಾರೆ. ಕೇಸು ನಡೀತಾ ಇದ್ದಾಗ ನೀವು ಯಾಕೆ ಹೋಗ್ಲಿಲ್ಲ?"

"ಕೇಸೆಲ್ಲಿತ್ತು? ರಾಜಿ ಆಗಿ ಹೋಗಿತ್ತಲ," ಎಂದಳು ಈರಮ್ಮ.

ಅವಳು ಹೇಳಿದ ಸಂಗತಿ ಸರಳವಾಗಿತ್ತು. ಜಾಗವೆಲ್ಲ ಮೊದಲಿಂದಲೂ ಹಿರಿಯವನಾದ ದಾಸನ ಹೆಸರಿನಲ್ಲಿತ್ತು. ದುರ್ಗ ಸತ್ತ ಮೇಲೆ, ಮನೆ ಬಿಡು ಎಂದು ದಾಸ ದಾವೆ ಹಾಕಿದ. ಸಮನ್ಸ್ ಬಂತು, ಈರಮ್ಮ ಒಂದು ಸಲ ಹೋಗಿ ಕೋರ್ಟಿನಲ್ಲಿ ನಿಂತು ಬಂದಳು. ಆಮೇಲೆ ದಾಸನಿಗೇ ಮನಸ್ಸು ತಡೆಯಲಿಲ್ಲ. ಒಂದು ಸೋಮವಾರ ಕೇರಿ ಕಾಯುವ ದೈವ ಜಟಕನ ಕಟ್ಟೆಗೆ ಅವಳನ್ನು ಕರೆಸಿದ. ಆ ಕೇರಿಯ ಪದ್ಧತಿ ಹೀಗೆ: ಜಗಳವಾಡಿದ ಇಬ್ಬರೂ ಕಟ್ಟೆಯ ಮುಂದೆ ಮಾತು ಮುಗಿಸಿ ಒಂದೇ ತೆಂಗಿನಕಾಯಿ ಒಡೆದು ಆಚೆ ಹೋಳು ಒಬ್ಬರು, ಈಚೆ ಹೋಳು ಒಬ್ಬರು ಅಲ್ಲೇ ತಿನ್ನಬೇಕು. ತಿಂದ ಮೇಲೆ ಆ ಜಗಳದ ಸುದ್ದಿ ಎತ್ತಿಕೊಂಡು ಯಾವ ಬಾಗಿಲಿಗೂ ಹೋಗುವಂತಿಲ್ಲ, ಅಲ್ಲಿ ಆಡಿದ ಮಾತನ್ನು ಕೇರಿಯವರು ಒಪ್ಪದೆ ಹೊರಗೆ ಹೇಳುವಂತೆಯೂ ಇಲ್ಲ. ಹಾಗೆ ಮಾಡಿದರೆ ದೈವದ ಮಾತು ಮುರಿದಂತೆ. ಅಂಥವರ ಜೊತೆ ಯಾರೂ ಕಡಲಿಗೆ ಹೋಗುವುದಿಲ್ಲ.

"ನಾ ಹೋಗ್ಲಿಲ್ಲ. ಭಾವನೂ ಹೋಗ್ಲಿಲ್ಲ," ಎಂದಳು ಈರಮ್ಮ. "ನೀವೇ ಹೇಳಿದ್ರಲ ಅಕ್ಕೋರೆ, ನಮ್ಮ ಕೇರಿಗೆ ಬಂದಾಗ. ರಾಜಿ ಆದ್ರೆ ಕೇಸು ಮುಗೀತು ಹೇಳಿ."

ದಾಸ ಹೋಗಿರಲಿಲ್ಲ, ನಿಜ. ಆದರೆ ಕಾಲುನೋವಿನ ಮನುಷ್ಯ, ಕೇಸು ನೀನೇ ನೋಡಿಕೋ ಎಂದು ಮಗನಿಗೆ ಮೊದಲೇ ಮುಖ್ತ್ಯಾರ್ ಪತ್ರ ಬರೆದುಕೊಟ್ಟಿದ್ದ. ಅಂದರೆ, ಮಗ ಮಾಡಿದ್ದೆಲ್ಲ ತಾನೇ ಮಾಡಿದಂತೆ. ಕಟ್ಟೆಯಿಂದ ಬಂದು "ಅದು ಆತು, ಬಿಡು" ಎಂದು ಮಗನಿಗೆ ಹೇಳಿದನಂತೆ. ಮಗ ಬಿಡಲಿಲ್ಲ. ಮುದುಕನ ಮೆದುಮನಸ್ಸು ಎಂದುಕೊಂಡು ಕೋರ್ಟಿಗೆ ಹೋಗಿ ಸಾಕ್ಷಿ ಹೇಳಿ ಬಂದ. ದಾಸ ಕಳೆದ ಮಳೆಗಾಲದಲ್ಲಿ ತೀರಿಕೊಂಡ. ತೀರ್ಪು ಮಗನ ಕೈಯಲ್ಲಿ ಉಳಿಯಿತು. ಓಂ ಬೀಚಿನಲ್ಲಿ ನೋಡಿ ಬಂದ ಹಾಗೆ ತಾನೂ ಆ ಜಾಗದಲ್ಲಿ ಪ್ರವಾಸಿಗರಿಗೆ ನಾಲ್ಕು ರೂಮು ಕಟ್ಟಬೇಕು ಎನ್ನುವುದು ಅವನ ಆಸೆ.

ಈರಮ್ಮ ಹೋದ ಮೇಲೆ ಜಯಶ್ರೀ ಕಪಾಟಿನಿಂದ ತನ್ನ ಹಳೆಯ ಟಿಪ್ಪಣಿ ಪುಸ್ತಕ ತೆಗೆದಳು. ಆ ಕೇರಿಯ ಕಾನೂನು ಅರಿವು ಶಿಬಿರ ಅವಳಿಗೆ ಚೆನ್ನಾಗಿ ನೆನಪಿತ್ತು. ಬಲೆ ಹೆಣೆಯುವ ಚಪ್ಪರದ ಅಡಿ, ಮಾರ್ಚಿನ ಸೆಕೆ. ಅತಿಥಿಗಳು ಬಂದದ್ದೇ ತಡವಾಗಿ; ಹಾರ, ಶಾಲು, ಭಾಷಣ ಎಲ್ಲ ಮುಗಿದು ಅವಳ ಪಾಲಿಗೆ ಉಳಿದದ್ದು ಕಾಲು ಗಂಟೆ. ಆ ಕಾಲು ಗಂಟೆಯಲ್ಲಿ ಇಪ್ಪತ್ತೆರಡು ಶಬ್ದಗಳ ಅರ್ಥ ಹೇಳಬೇಕಿತ್ತು. ಕೊನೆಯದು ರಾಜಿ. ಪುಸ್ತಕದಲ್ಲಿ ಅವಳದೇ ಅಕ್ಷರದಲ್ಲಿ ಎರಡು ವಾಕ್ಯಗಳಿದ್ದವು. ಇಬ್ಬರೂ ಒಪ್ಪಿ ರಾಜಿಯಾದರೆ ಕೇಸು ಮುಗಿಯುತ್ತದೆ. ಆದರೆ ರಾಜಿಯನ್ನು ಬರೆದು, ಇಬ್ಬರೂ ಸಹಿ ಮಾಡಿ, ಕೋರ್ಟಿಗೆ ಕೊಟ್ಟು ದಾಖಲು ಮಾಡಿಸಬೇಕು.

ಎರಡನೆಯ ವಾಕ್ಯವನ್ನು ಅವಳು ಹೇಳಿರಲಿಲ್ಲ. ಮರೆತದ್ದಲ್ಲ. ಅದನ್ನು ಹೇಳಿದರೆ ದಾಖಲು ಅಂದರೇನು ಎಂದು ಯಾರೋ ಕೇಳುತ್ತಾರೆ, ಅದಕ್ಕೆ ಇನ್ನೊಂದು ವಿವರಣೆ, ಅದರ ಮೇಲೆ ಇನ್ನೊಂದು ಪ್ರಶ್ನೆ. ಸಾಕಪ್ಪಾ ಸಾಕು ಅನ್ನಿಸಿತ್ತು. "ಇಷ್ಟು ನೆನಪಿಟ್ಕಳಿ, ಆತು," ಎಂದು ಕೈ ಮುಗಿದು ಚೀಲ ಹೆಗಲಿಗೇರಿಸಿದ್ದಳು.

ಸಮಿತಿಯ ಕಡೆಯಿಂದ ಈರಮ್ಮನಿಗೆ ಸಿಕ್ಕ ವಕೀಲೆ ದಿವ್ಯಶ್ರೀ, ಇನ್ನೂ ಮೂವತ್ತು ತುಂಬದ ಚುರುಕು ಹುಡುಗಿ. ಕಾಗದಗಳನ್ನೆಲ್ಲ ನೋಡಿ ಪೆನ್ನು ಕೆಳಗಿಟ್ಟಳು. "ಏಕಪಕ್ಷೀಯ ಡಿಕ್ರಿ ರದ್ದು ಮಾಡಿ ಹೇಳಿ ಅರ್ಜಿ ಹಾಕಬಹುದು ಅಕ್ಕೋರೆ. ಆದ್ರೆ ಅದಕ್ಕೆ ಮೂವತ್ತು ದಿನ. ಇವ್ರದ್ದು ಒಂದೂವರೆ ವರ್ಷ ಆಗೋಯ್ತು. ತಡ ಆದದ್ದಕ್ಕೆ ಗಟ್ಟಿ ಕಾರಣ ಕೊಟ್ರೆ ಕೋರ್ಟು ತಡವನ್ನ ಮನ್ನಾ ಮಾಡ್ತದೆ. ಕಾನೂನು ಗೊತ್ತಿರಲಿಲ್ಲ ಅನ್ನೋದು ಕಾರಣ ಆಗೂದಿಲ್ಲ."

"ಗೊತ್ತಿರಲಿಲ್ಲ ಅಲ್ಲ," ಎಂದಳು ಜಯಶ್ರೀ. "ಗೊತ್ತು ಮಾಡೂಕೆ ಹೋದವ್ರು ತಪ್ಪು ಹೇಳಿದ್ರೆ?"

"ಅದು ಕಾರಣ ಆಗ್ತದೆ. ಆದ್ರೆ ಅದನ್ನ ಯಾರು ಬಂದು ಹೇಳ್ತಾರೆ?"

ಅವತ್ತು ಮನೆಗೆ ಹೋಗುವ ಬಸ್ಸಿನಲ್ಲಿ ಜಯಶ್ರೀಗೆ ತನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಾವಿರ ಜನರಿಗೆ ಸರಿಯಾಗಿ ಹೇಳಿದ್ದು ಎಲ್ಲಿ ಹೋಯಿತೋ, ಯಾರಿಗೂ ಗೊತ್ತಿಲ್ಲ. ಅರ್ಧ ಹೇಳಿದ ಒಂದನ್ನು ಮಾತ್ರ ಒಬ್ಬಳು ಅಕ್ಷರ ಬಿಡದೆ ಮೂರು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದಾಳೆ. ಇದನ್ನು ಒಪ್ಪಿಕೊಂಡರೆ ಕೊರಳ ಕಾರ್ಡು ಹೋಗುತ್ತದೆ, ಅಷ್ಟು ವರ್ಷದ ಹೆಸರೂ ಹೋಗುತ್ತದೆ. ಒಪ್ಪಿಕೊಳ್ಳದಿದ್ದರೆ ಈರಮ್ಮ ಬೀದಿಗೆ ಬರುತ್ತಾಳೆ. ಕುಮಟೆಯಲ್ಲಿ ಇಳಿಯುವಾಗ ಅವಳಿಗೆ ಯಾವ ದೊಡ್ಡ ಧೈರ್ಯವೂ ಬಂದಿರಲಿಲ್ಲ. ಸುಳ್ಳು ಹೇಳಿ ಅದನ್ನು ಕಾಪಾಡಿಕೊಂಡು ಹೋಗುವಷ್ಟು ಶಕ್ತಿ ತನ್ನಲ್ಲಿಲ್ಲ ಎನ್ನುವುದು ಮಾತ್ರ ಗೊತ್ತಾಗಿತ್ತು. ಮರುದಿನ, ಶಿಬಿರದಲ್ಲಿ ತಾನು ಅರ್ಧವೇ ಹೇಳಿದ್ದೆ ಎಂದು ಕೋರ್ಟಿಗೆ ಬರೆದುಕೊಡುವ ಪ್ರಮಾಣಪತ್ರಕ್ಕೆ ಸಹಿ ಹಾಕಿದಳು.

ವಿಚಾರಣೆಯ ದಿನ ಬಂತು. ಎದುರು ಕಡೆಯ ವಕೀಲರು ಸಾಕ್ಷಿಯನ್ನು ಕೆದಕಿ ಕೇಳುವುದಕ್ಕೆ ಪಾಟೀಸವಾಲು ಎನ್ನುತ್ತಾರೆ. ಇದನ್ನೂ ಜಯಶ್ರೀ ನೂರಾರು ಜನರಿಗೆ ಹೇಳಿಕೊಟ್ಟಿದ್ದಳು. ಕಟಕಟೆಯಲ್ಲಿ ತಾನೇ ನಿಂತದ್ದು ಅದೇ ಮೊದಲು. ಸುಮಿತನ ವಕೀಲರು ವಯಸ್ಸಾದವರು, ದನಿ ಏರಿಸುವವರಲ್ಲ.

"ಹನ್ನೊಂದು ವರ್ಷದಿಂದ ಜನರಿಗೆ ಅರ್ಥ ಹೇಳುತ್ತಿದ್ದೀರಿ. ರಾಜಿಯನ್ನು ದಾಖಲು ಮಾಡಿಸಬೇಕು ಎಂಬುದು ನಿಮಗೆ ಗೊತ್ತಿರಲಿಲ್ಲವೇ?"

"ಗೊತ್ತಿತ್ತು."

"ಹಾಗಾದರೆ ಹೇಳಲಿಲ್ಲ ಯಾಕೆ?"

"ದಣಿದಿದ್ದೆ," ಎಂದಳು ಜಯಶ್ರೀ. "ಬೇಗ ಮುಗಿಸಿ ಮನೆಗೆ ಹೋಗಬೇಕು ಅನ್ನಿಸಿತ್ತು."

ಹಿಂದಿನ ಬೆಂಚಿನಲ್ಲಿ ಕೂತಿದ್ದವರಲ್ಲಿ ಯಾರೋ ನಕ್ಕರು. ನಗಲಿ ಎಂದುಕೊಂಡಳು. ನಾಚಿಕೆ ಆಗಬೇಕಾದಷ್ಟು ಆಗಿಹೋಗಿತ್ತು.

ಆಮೇಲೆ ಈರಮ್ಮನ ಸರದಿ. ಅವಳು ಹೇಳಬೇಕಾದದ್ದು ಬಹಳವೇನೂ ಇರಲಿಲ್ಲ. ಎದುರು ವಕೀಲರು ಇಂಥದ್ದನ್ನೇ ಕೇಳುತ್ತಾರೆ ಎಂದು ದಿವ್ಯಶ್ರೀ ಊಹಿಸಿದ್ದಳು. ಅವರು ಅದನ್ನೇ ಕೇಳಿದರು.

"ಶಿಬಿರದಲ್ಲಿ ಇವರು ಪೂರ್ತಿ ಅರ್ಥ ಹೇಳಿದ್ದರೆ ನೀವು ಕೋರ್ಟಿಗೆ ಬರುತ್ತಿದ್ದಿರೋ, ಇಲ್ಲವೋ?"

ಬರ್ತಿದ್ದೆ ಎನ್ನಬೇಕು. ಮೂರು ಅಕ್ಷರದ ಮಾತು. ಈರಮ್ಮ ಜಯಶ್ರೀಯ ಕಡೆ ನೋಡಿದಳು, ನ್ಯಾಯಾಧೀಶರ ಕಡೆ ನೋಡಿದಳು.

"ಇಲ್ಲ," ಎಂದಳು. "ಕಾಯಿ ತಿಂದ ಮೇಲೆ ಹೆಂಗೆ ಬರೂದು? ಭಾವ ಆಗ ಬದುಕಿದ್ರು. ನಾ ಕೋರ್ಟಿಗೆ ಹೋದ್ರೆ ಅವ್ರ ಮಾತು ನಂಬ್ಲಿಲ್ಲ ಹೇಳಿ ಆಗ್ತಿತ್ತು. ಅಕ್ಕೋರು ಪೂರ್ತಿ ಹೇಳಿದ್ರೂ ನಾ ಬರ್ತಿರ್ಲಿಲ್ಲ. ಅವ್ರ ಮೇಲೆ ತಪ್ಪು ಹಾಕೂದು ಬೇಡ."

ದಿವ್ಯಶ್ರೀ ತಲೆ ತಗ್ಗಿಸಿ ಫೈಲಿನ ದಾರ ಕಟ್ಟತೊಡಗಿದಳು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಕೇಳಿದರು, "ಮತ್ತೆ ಈಗ ಯಾಕಮ್ಮಾ ಬಂದಿರಿ?"

"ನಾ ಎಲ್ಲಿ ಬಂದೆ ಒಡೆಯಾ? ಕೋರ್ಟೇ ನನ್ನ ಬಾಗ್ಲಿಗೆ ಬಂತು."

ಹದಿನೈದು ದಿನದ ಮೇಲೆ ಆದೇಶವಾಯಿತು. ಈರಮ್ಮ ತಿಳಿದೂ ತಿಳಿದೂ ಗೈರಾಗಿದ್ದಾಳೆ, ಅದನ್ನು ಅವಳ ಬಾಯಿಂದಲೇ ಕೇಳಿದ್ದಾಗಿದೆ, ಆದ್ದರಿಂದ ತಡ ಮನ್ನಾ ಆಗುವುದಿಲ್ಲ. ಅರ್ಜಿ ವಜಾ. ವಜಾ ಅಂದರೆ ತಳ್ಳಿಹಾಕಿದ್ದು ಎಂದು ಜಯಶ್ರೀ ವಿವರಿಸಿದಳು. ಮೇಲಿನ ಕೋರ್ಟಿಗೆ ಹೋಗಬಹುದು ಎಂದು ದಿವ್ಯಶ್ರೀ ಎಷ್ಟೋ ಹೇಳಿದಳು. ಈರಮ್ಮ ಬೇಡ ಎಂದಳು. ಒಂದು ಮೆಟ್ಟಿಲು ಹತ್ತಿದ್ದೇ ಹೆಚ್ಚಾಯಿತು, ಇನ್ನೊಂದು ಹತ್ತುವಷ್ಟು ತ್ರಾಣ ಇಲ್ಲ ಎಂದಳು. ಅದೇ ವಾರ ಜಯಶ್ರೀಗೂ ಒಂದು ಪತ್ರ ಬಂತು. ಮುಂದಿನ ವರ್ಷಕ್ಕೆ ಅವಳ ಕಾರ್ಡು ನವೀಕರಣವಾಗುವುದಿಲ್ಲ. ತನ್ನ ಹೆಸರೂ ಹೋಯಿತು, ಅವಳ ಮನೆಯೂ ಉಳಿಯಲಿಲ್ಲ. ಈರಮ್ಮನ ಮೇಲೆ ಜಯಶ್ರೀಗೆ ಸಿಟ್ಟು ಬಂತು. ಒಂದು ಮಾತು, ಒಂದೇ ಮಾತು ಹೇಳಿದ್ದರೆ ಸಾಕಿತ್ತಲ್ಲ. ಎರಡು ದಿನ ಆ ಸಿಟ್ಟನ್ನು ಹೊತ್ತು ತಿರುಗಿದಳು. ಆಮೇಲೆ ಅದೂ ಭಾರವೆನಿಸಿ ಬಿಟ್ಟುಬಿಟ್ಟಳು.

ಕಬ್ಜೆ ಬಿಡಿಸುವ, ಅಂದರೆ ಮನೆ ಖಾಲಿ ಮಾಡಿಸುವ ದಿನ ಅವಳನ್ನು ಯಾರೂ ಕರೆದಿರಲಿಲ್ಲ. ಆದರೂ ಹೋದಳು. ಕೋರ್ಟಿನ ಬೇಲಿಫ್ ಕೃಷ್ಣಾನಂದ ಹತ್ತು ಗಂಟೆಗೇ ಬಂದು ಈರಮ್ಮನ ಅಂಗಳದಲ್ಲಿ ನಿಂತಿದ್ದ. ವಾರಂಟು ಓದಿ ಹೇಳಿದ. ನಿವೃತ್ತಿಗೆ ಎಂಟು ತಿಂಗಳಿದ್ದ ಮನುಷ್ಯ, ಇಂಥ ಕೆಲಸ ಮಾಡಿ ಮಾಡಿ ಯಾರ ಮುಖವನ್ನೂ ನೋಡದೆ ಮಾತಾಡುವುದನ್ನು ಕಲಿತಿದ್ದ. ಪಕ್ಕದಲ್ಲಿ ಸುಮಿತ. ಸಾಮಾನು ಹೊರಗೆ ಹಾಕುವುದಕ್ಕೆ ಇಬ್ಬರು ಆಳುಗಳನ್ನೂ ಬೇರೆ ಊರಿಂದ ಕರೆತಂದಿದ್ದ. ಈರಮ್ಮ ಒಂದು ಪಾತ್ರೆಯನ್ನೂ ಕಟ್ಟಿಟ್ಟಿರಲಿಲ್ಲ. ಹಿತ್ತಲಲ್ಲಿ ಎಂದಿನಂತೆ ಮೀನು ಹರವುತ್ತಿದ್ದಳು.

"ಮೊದ್ಲು ಇಬ್ರು ಪಂಚರು ಬೇಕು," ಎಂದ ಕೃಷ್ಣಾನಂದ. ನಡೆದದ್ದನ್ನು ಕಣ್ಣಾರೆ ಕಂಡೆವು ಎಂದು ಸಹಿ ಹಾಕುವ ಸ್ಥಳದ ಜನ ಪಂಚರು. ಅವರ ಸಹಿಯಿರುವ ಕಾಗದ ಪಂಚನಾಮೆ. "ಕೇರಿಯವ್ರೇ ಆಗಬೇಕು. ಆಳುಗಳ ಸಹಿ ನಡೆಯೂದಿಲ್ಲ."

ಅದೇನು ದೊಡ್ಡ ವಿಷಯ ಎಂಬಂತೆ ಸುಮಿತ ಹೊರಟ. ಪಕ್ಕದ ಮನೆಯ ಪವಿತ್ರಾ, ಅಕ್ಕಿ ಒಲೆಯ ಮೇಲಿದೆ ಎಂದಳು. ಅದರಾಚೆಯ ಮನೆಯವನಿಗೆ ಕನ್ನಡಕ ಸಿಗಲಿಲ್ಲ. ಇನ್ನೊಬ್ಬ, ತನಗೆ ಸಹಿ ಮಾಡಲು ಬರುವುದೇ ಇಲ್ಲ ಎಂದ. ಹೋದ ವಾರ ಸೊಸೈಟಿಯಲ್ಲಿ ಠೀವಿಯಿಂದ ಸಹಿ ಜಡಿದವನು. ಸುಮಿತನ ಬೋಟಿನ ತಾಂಡೇಲ ಸೋಮ, ಅಂದರೆ ಬೋಟಿನ ಮುಖಂಡ, ಬಲೆ ಹೊಲಿಯುತ್ತ ಕೂತಿದ್ದ. ಅವನು ನೆಪ ಹೇಳಲಿಲ್ಲ.

"ಕಾಯಿ ತಿಂದ ಜಗಳಕ್ಕೆ ನಾ ಕೈ ಹಾಕೂದಿಲ್ಲ," ಎಂದ. "ನೀನೂ ಹಾಕೂದು ಬೇಡಾಗಿತ್ತು."

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಸುಮಿತ ಕೇರಿಯ ಕೊನೆಯ ಮನೆಯಿಂದಲೂ ಬರಿಗೈಯಲ್ಲಿ ತಿರುಗಿ ಬಂದ. ಕೃಷ್ಣಾನಂದ ಬೆವರು ಒರೆಸಿಕೊಂಡು ಜಯಶ್ರೀಯ ಹತ್ತಿರ ಬಂದ.

"ಅಕ್ಕೋರೆ, ಒಂದು ಸಹಿ ನೀವಾದ್ರೂ ಹಾಕಿ. ಹೊರಗಿನವ್ರಾದ್ರೂ ಅಡ್ಡಿಲ್ಲ, ಇನ್ನೊಂದಕ್ಕೆ ಎಂತಾರೂ ಮಾಡ್ವಾ. ನೀವು ಕಾನೂನು ಬಲ್ಲವ್ರು. ಡಿಕ್ರಿ ಸರಿ ಇದೆ ಅಲ್ದಾ?"

"ಡಿಕ್ರಿ ಸರಿ ಇದೆ ಕೃಷ್ಣಾನಂದ," ಎಂದಳು ಜಯಶ್ರೀ. "ನಾ ಹಾಕೂದಿಲ್ಲ."

ಕೋರ್ಟಿನ ಮಾತಿಗೆ ತಲೆಬಾಗಬೇಕು ಎಂದು ಹನ್ನೊಂದು ವರ್ಷ ಹೇಳಿಕೊಟ್ಟ ಬಾಯಿಯಿಂದ ಆ ಮಾತು ಬಂದದ್ದು ಅವಳಿಗೇ ಆಶ್ಚರ್ಯವಾಯಿತು. ಕೃಷ್ಣಾನಂದ ಹೆಚ್ಚು ಒತ್ತಾಯಿಸಲಿಲ್ಲ. ಪಂಚರು ಸಿಗದೆ ಜಾರಿ ಆಗಲಿಲ್ಲ ಎಂದು ಬರೆದುಕೊಂಡು ಹೋಗುತ್ತೇನೆ ಎಂದ.

"ಇವತ್ತು ತಪ್ಪಿದ್ರೆ ಪೊಲೀಸ್ರ ಬಂದೋಬಸ್ತು ಕೇಳಿ ಅರ್ಜಿ ಹಾಕ್ತೆ," ಎಂದ ಸುಮಿತ. ಹೇಳಿದ್ದು ಬೇಲಿಫನಿಗೆ. ಆದರೆ ನೋಡಿದ್ದು ಅಂಗಳದ ಬೇಲಿಯ ದಣಪೆ ಬಾಗಿಲ ಹೊರಗೆ ಒಬ್ಬೊಬ್ಬರಾಗಿ ಬಂದು ನಿಂತಿದ್ದ ಕೇರಿಯ ಜನರನ್ನು.

"ಹಾಕು," ಎಂದಳು ಈರಮ್ಮ ಹಿತ್ತಲಿಂದ ಬಂದು. "ಪೊಲೀಸ್ರು ಬಂದ್ರೆ ನಾ ಎಂತ ಮಾಡೂಕಾಗ್ತದೆ? ಹೋಗ್ತೆ."

ಸುಮಿತ ಜಗಲಿಯ ಅಂಚಿನಲ್ಲಿ ಕೂತುಬಿಟ್ಟ. ಬೆಳಿಗ್ಗೆಯಿಂದ ಅಲೆದ ಕಾಲು, ಮುಖದಲ್ಲಿ ಕಳೆಯಿರಲಿಲ್ಲ. "ಪೊಲೀಸ್ರು ಬಂದು ಹೋಗ್ತ್ರು," ಎಂದ, ಯಾರಿಗೂ ಅಲ್ಲದಂತೆ. "ನಾಳೆ ಬೋಟು ಬಿಡೂಕೆ ಇವ್ರೇ ಬರಬೇಕು." ಜಯಶ್ರೀಗೆ ಅವನ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ಗೆದ್ದವನು ಸೋತ, ಸೋತವನು ಸತ್ತ ಎಂದು ಕೋರ್ಟಿನ ಹೊರಗೆ ಕೂತ ಮುದುಕರು ಹೇಳುತ್ತಾರಲ್ಲ. ಗೆದ್ದವನು ಹೇಗಿರುತ್ತಾನೆ ಎಂದು ಇಷ್ಟು ಹತ್ತಿರದಿಂದ ಅವಳು ನೋಡಿರಲಿಲ್ಲ.

ಆಮೇಲೆ ಸುಮಿತನೇ ಈರಮ್ಮನ ಕಡೆ ತಿರುಗಿ ಕೇಳಿದ. "ಚಿಕ್ಕಿ, ಅಪ್ಪ ಕಟ್ಟೆಲಿ ಎಂತ ಹೇಳಿದ್ದ? ನಂಗೆ ಅವ ಬಾಯಿ ಬಿಡ್ಲೇ ಇಲ್ಲ."

"ಹೇಳೂಕಾಗ. ಕಾಯಿ ತಿಂದದ್ದು," ಎಂದಳು ಈರಮ್ಮ.

"ನಾ ಅವನ ಮಗ. ಹೊರಗಿನವನಾ?"

ಈರಮ್ಮ ದಣಪೆಯ ಆಚೆ ನಿಂತ ಸೋಮನ ಕಡೆ ನೋಡಿದಳು. ಹೇಳು ಎಂಬಂತೆ ಅವನು ತಲೆಯಾಡಿಸಿದ.

"ನಾನೇ ಕೇಳ್ದೆ, ನೀವು ಇರೂ ತನಕ ನಾ ಇಲ್ಲಿರ್ಲಾ ಹೇಳಿ. ಭಾವ ಹೇಳಿದ್ರು, ನಾ ಇರೂ ತನಕ ಅಲ್ಲ, ನೀ ಇರೂ ತನಕ. ಅಷ್ಟೇ. ನಾ ಸತ್ತ ಮೇಲೆ ಇದು ನಿಂದೇ ಮಗಾ. ನಂಗೆ ಯಾರಿದ್ರು?"

ಸುಮಿತ ಎರಡೂ ಕೈಗಳಿಂದ ಮುಖ ಒರೆಸಿಕೊಂಡ. ಆಳುಗಳಿಗೆ ಹೋಗಿ ಎಂದು ಸನ್ನೆ ಮಾಡಿದ. ಆಮೇಲೆ ಜಯಶ್ರೀಯ ಕಡೆ ತಿರುಗಿ, "ಇದನ್ನ ಕಾಗ್ದದಲ್ಲಿ ಹೆಂಗೆ ಬರೀತ್ರು ಅಕ್ಕೋರೆ?" ಎಂದ.

ಹನ್ನೊಂದು ವರ್ಷದಲ್ಲಿ ಗೆದ್ದವರು ಯಾರೂ ಅವಳ ಹತ್ತಿರ ಬಂದು ಇದನ್ನು ಕೇಳಿರಲಿಲ್ಲ. ಡಿಕ್ರಿ ಪಡೆದವನು ಅದನ್ನು ಹೊರಗೇ ಮಾತಾಡಿ ಮುಗಿಸಿಕೊಂಡರೆ, ಮುಗಿಯಿತು ಎಂದು ಕೋರ್ಟಿಗೆ ಬರೆದುಕೊಡಬಹುದು. ಕೋರ್ಟು ದಾಖಲು ಮಾಡಿಕೊಂಡರೆ ಮತ್ತೆ ಯಾವ ಬೇಲಿಫನೂ ಆ ಬಾಗಿಲಿಗೆ ಬರುವಂತಿಲ್ಲ. ಅವಳು ಕೃಷ್ಣಾನಂದನ ಹತ್ತಿರ ಒಂದು ಬಿಳಿ ಹಾಳೆ ಕೇಳಿ ಇಸಿದುಕೊಂಡು ಜಗಲಿಯಲ್ಲಿ ಕೂತು ಬರೆದಳು. ಬರೆದದ್ದನ್ನು ನಿಧಾನವಾಗಿ ಓದಿ ಹೇಳಿದಳು. ಈರಮ್ಮ ಬದುಕಿರುವವರೆಗೆ ಈ ಮನೆ, ಈ ಹಿತ್ತಲು ಅವಳದು, ಆಮೇಲೆ ಸುಮಿತನದು. ನಾಳೆ ಬೆಳಿಗ್ಗೆ ಇಬ್ಬರೂ ಬಂದು ಇದನ್ನು ಕೋರ್ಟಿಗೆ ಕೊಡಬೇಕು ಎಂದು ಹೇಳಿ, ಇಬ್ಬರ ಬಾಯಿಂದಲೂ ಅದನ್ನು ತಿರುಗಿ ಹೇಳಿಸಿದಳು. ಕಟ್ಟೆಯ ಮಾತು ಇದರಿಂದ ಮುರಿಯುವುದಿಲ್ಲವಷ್ಟೆ ಎಂದು ಈರಮ್ಮ ಕೇಳಿದಳು. "ಅದೇ ಮಾತನ್ನೇ ಬರೆದದ್ದು ಈರಮ್ಮ. ಹೊಸದು ಎಂತದೂ ಇಲ್ಲ," ಎಂದಳು ಜಯಶ್ರೀ. ಸುಮಿತ ಸಹಿ ಮಾಡಿದ. ಈರಮ್ಮ ಹೆಬ್ಬೆಟ್ಟು ಒತ್ತಿದಳು.

"ಸಾಕ್ಷಿಗೆ ಇಬ್ರು ಬೇಕು," ಎಂದಳು ಜಯಶ್ರೀ.

ಸೋಮ ದಣಪೆ ದಾಟಿ ಬಂದು ಸಹಿ ಹಾಕಿದ. ಅವನ ಹಿಂದೆಯೇ ಪವಿತ್ರಾ ಬಂದಳು. ಅನ್ನ ಬೆಂದಿತ್ತೋ ಏನೋ. ಎರಡಾಯಿತು, ಸಾಕು ಎಂದು ಜಯಶ್ರೀ ಹಾಳೆ ಮಡಚಲು ಹೋದಳು. ಅಷ್ಟರಲ್ಲಿ ಕನ್ನಡಕ ಸಿಗದವನು ಕನ್ನಡಕ ಹಾಕಿಕೊಂಡು ಬಂದು ಪೆನ್ನಿಗೆ ಕೈ ಚಾಚಿದ. ಅವನ ಬೆನ್ನಿಗೆ ಸಹಿ ಬಾರದವನು. ಆಮೇಲೆ ಅವನ ಹೆಂಡತಿ, ಆಮೇಲೆ ಅವಳ ಅತ್ತೆ, ಹೆಬ್ಬೆಟ್ಟನ್ನು ಮೊದಲೇ ಶಾಯಿಯಲ್ಲಿ ಅದ್ದಿಕೊಂಡು. ಇಬ್ಬರೇ ಸಾಕು ಎನ್ನುವುದನ್ನು ಇಷ್ಟು ಜನರಿಗೆ ವಿವರಿಸಿ ಹೇಳಬೇಕಿತ್ತು. ಜಯಶ್ರೀ ವಿವರಿಸಲಿಲ್ಲ. ಹಾಳೆಯಲ್ಲಿ ಜಾಗ ಮುಗಿದಾಗ ಅದನ್ನು ತಿರುಗಿಸಿ ಹಿಡಿದಳು.